ಅಟ್ಟದ ಚೀಟಿ, ಮಂಚದಡಿಯ ಚೀಟಿ

ನಮ್ಮ ಮನೆಯಲ್ಲಿ ಓದುವ ಕೆಲಸ ನನ್ನದಾಗಿತ್ತು. ಅಮ್ಮ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ಕನ್ನಡವನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು, ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲ. ಅಪ್ಪ ಮುಂಬೈಯ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದು ವರ್ಷಕ್ಕೊಮ್ಮೆ ಬರುತ್ತಿದ್ದ. ಹಾಗಾಗಿ ಮದುವೆಯ ಕಾಗದ, ರೇಶನ್ ಅಂಗಡಿಯ ಬಾಗಿಲಿಗೆ ಅಂಟಿಸಿದ ನೋಟೀಸು, ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣ ಅಕ್ಷರ, ಕುಂದಾಪುರದ ನಿಲ್ದಾಣದಲ್ಲಿ ಬಸ್ಸುಗಳ ಹಣೆಯ ಮೇಲಿನ ಬೋರ್ಡು, ಎಲ್ಲವೂ ನನ್ನ ಪಾಲಿಗೆ ಬರುತ್ತಿದ್ದವು. ‘ಓದ್ ಕಾಂಬ’, ಓದು ನೋಡೋಣ, ಎಂದು ಅಮ್ಮ ಹೇಳುತ್ತಿದ್ದಳು. ನಾನು ಓದುತ್ತಿದ್ದೆ. ಅವಳು ‘ಹ್ಞಾಂ’ ಎನ್ನುತ್ತಿದ್ದಳು. ಅಷ್ಟೇ. ಮುದ್ದು ಮಾಡುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ, ನನಗೆ ಅದು ಬೇಕು ಎಂದೂ ಅನಿಸಿರಲಿಲ್ಲ. ಆ ‘ಹ್ಞಾಂ’ ನನಗೆ ಸಾಕಾಗುತ್ತಿತ್ತು. ಹನ್ನೊಂದು ವರ್ಷದ ನಾನು ಮನೆಯ ಕಣ್ಣು ಎಂದು ನಂಬಿಕೊಂಡಿದ್ದೆ.

ಮನೆ ಮರವಂತೆಯಲ್ಲಿ, ಹೆದ್ದಾರಿಗೂ ಹೊಳೆಗೂ ನಡುವಿನ ಪಟ್ಟಿಯಲ್ಲಿ. ಮುಂದಿನ ಬಾಗಿಲು ತೆಗೆದರೆ ರಸ್ತೆ, ರಸ್ತೆಯ ಆಚೆ ಕಡಲು. ಹಿಂದಿನ ಬಾಗಿಲು ತೆಗೆದರೆ ತೆಂಗಿನ ಬುಡಗಳು, ಬಾವಿ, ಅದರಾಚೆ ಹೊಳೆ. ಲಾರಿ ಹೋದಾಗ ಹಂಚು ಸಣ್ಣಗೆ ಅದುರುತ್ತಿತ್ತು. ಒಂದು ಚಾವಡಿ, ಒಂದು ಮಲಗುವ ಕೋಣೆ, ಅಡುಗೆಮನೆ, ತೆಂಗಿನಕಾಯಿ ಹಾಕುವ ಅಟ್ಟ. ಚಾವಡಿಯ ಕಿಟಕಿಯ ಪಕ್ಕ ಅಮ್ಮ ಗೆರಸಿಯನ್ನು, ಅಗಲದ ಬಿದಿರಿನ ಮೊರವನ್ನು, ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಎಲೆ ಕತ್ತರಿಸುವಾಗ, ಪುಡಿ ತುಂಬುವಾಗ, ನೂಲು ಸುತ್ತುವಾಗ ಅವಳ ಕಣ್ಣು ಗೆರಸಿ ಬಿಟ್ಟು ಏಳುತ್ತಿರಲಿಲ್ಲ. ಮಾತಾಡುವವರು ಅವಳ ನೆತ್ತಿಯೊಂದಿಗೆ ಮಾತಾಡಬೇಕಿತ್ತು. ಮುಖ ಎತ್ತಿಸುವಂಥದ್ದೇನಾದರೂ ಹೇಳಬೇಕೆಂದು ನಾನು ಶಾಲೆಯಿಂದ ಬರುವ ದಾರಿಯುದ್ದಕ್ಕೂ ಯೋಚಿಸಿಕೊಂಡು ಬರುತ್ತಿದ್ದೆ.

ಮುಖ ಎತ್ತಿಸಿದವಳು ಪ್ರಮೀಳ. ಅಮ್ಮನ ಅಣ್ಣನ ಮಗಳು. ಬೈಂದೂರಿನ ಒಳಗಿನ ಅವರ ಊರಿಗೆ ದಿನಕ್ಕೆ ಎರಡೇ ಬಸ್ಸು. ಕುಂದಾಪುರದಲ್ಲಿ ನರ್ಸಿಂಗ್ ಸೇರಿದ ಅವಳು ಅಲ್ಲಿಂದ ಓಡಾಡಲು ಆಗುವುದಿಲ್ಲವೆಂದು, ರಸ್ತೆ ಬದಿಯ ನಮ್ಮ ಮನೆಗೆ ಒಂದು ಚೀಲ, ಒಂದು ಕೊಡೆ, ಒಂದು ಪೊಟ್ಟಣ ಹಲಸಿನ ಹಪ್ಪಳದೊಂದಿಗೆ ಬಂದಳು. ನನಗಿಂತ ಏಳು ವರ್ಷ ದೊಡ್ಡವಳು. ಸೋದರಮಾವನ ಹಿರಿಮಗಳಾದ್ದರಿಂದ ನಾನು ಅವಳನ್ನು ‘ಅತ್ತಿಗೆ’ ಎಂದು ಕರೆಯಬೇಕೆಂದು ಅಮ್ಮ ಮೊದಲ ದಿನವೇ ಹೇಳಿದಳು. ನಾನು ಕರೆಯಲಿಲ್ಲ. ಹೆಸರು ಹಿಡಿದೂ ಕರೆಯಲಿಲ್ಲ. ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿದ ಅವಳನ್ನು ಏನೂ ಕರೆಯದೆ ಕಳೆದುಬಿಟ್ಟೆ. ಅದಕ್ಕೆ ಬೇಕಾದ ಜಾಣತನ ಎಷ್ಟೆಂದು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ.

ಅಮ್ಮ ನನ್ನನ್ನು ‘ಹೆಣೆ’ ಎಂದು ಕರೆಯುತ್ತಿದ್ದಳು. ನಮ್ಮ ಕಡೆ ಹುಡುಗಿಯರನ್ನೆಲ್ಲ ಹಾಗೆಯೇ ಕರೆಯುತ್ತಾರೆ, ಆದರೆ ನಮ್ಮ ಮನೆಯಲ್ಲಿ ಇದ್ದ ಹುಡುಗಿ ನಾನೊಬ್ಬಳೇ ಆದ್ದರಿಂದ ಅದು ನನ್ನ ಹೆಸರೇ ಆಗಿತ್ತು. ವಾರ ಕಳೆಯುವುದರೊಳಗೆ ಅಮ್ಮ ‘ಏ ಹೆಣೆ’ ಎಂದರೆ ಇಬ್ಬರು ತಿರುಗುತ್ತಿದ್ದೆವು. ಬಂಗುಡೆ ಸಾರು ಮಾಡಿದ ದಿನ ಮೀನಿನ ಹೊಟ್ಟೆಯ ಮೊಟ್ಟೆ ನನ್ನ ಬಟ್ಟಲಿಗೇ ಬೀಳುತ್ತಿತ್ತು. ಈಗ ಅಮ್ಮ ಅದನ್ನು ಸೌಟಿನ ಅಂಚಿನಿಂದ ಎರಡು ಮಾಡುತ್ತಿದ್ದಳು. ಸಮಪಾಲು ಮಾಡಿದಳೇ ಎಂದು ನಾನು ನೋಡುತ್ತಿದ್ದೆ. ಯಾವಾಗಲೂ ಸಮಪಾಲೇ ಇರುತ್ತಿತ್ತು. ಪ್ರಮೀಳನಿಗೆ ಹೆಚ್ಚು ಬಿದ್ದಿದ್ದರೆ ಸಿಟ್ಟಿಗೊಂದು ಕಾರಣವಾದರೂ ಸಿಗುತ್ತಿತ್ತು.

ಪ್ರಮೀಳ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ನರ್ಸಿಂಗಿನ ಪುಸ್ತಕಗಳೆಲ್ಲ ಇಂಗ್ಲಿಷ್. ಮೊದಲ ತಿಂಗಳಲ್ಲಿ ಅವಳು ಸಂಜೆ ಬಂದು ಕೈಕಾಲು ತೊಳೆದು, ಪುಸ್ತಕ ತೆರೆದು, ಅದರ ಮೇಲೆ ತಲೆಯಿಟ್ಟು ಸುಮ್ಮನೆ ಕೂರುತ್ತಿದ್ದಳು. ಒಂದೊಂದು ರೋಗದ ಹೆಸರೂ ರೈಲಿನಷ್ಟು ಉದ್ದ ಎಂದು ಅಮ್ಮನ ಹತ್ತಿರ ಹೇಳಿ ಅತ್ತಳು. ಕಲಿಸುವ ಟೀಚರು ಒಂದು ಉಪಾಯ ಹೇಳಿದ್ದರಂತೆ: ಇಡೀ ಪದ ಬಾಯಿಪಾಠ ಮಾಡಬೇಡಿ, ಪದದ ತಲೆಗೆ ಅಂಟಿಕೊಂಡಿರುವ ತುಣುಕುಗಳನ್ನು ಕಲಿಯಿರಿ, ಅವು ಎಲ್ಲ ಪದಗಳಲ್ಲೂ ತಿರುಗಿ ತಿರುಗಿ ಬರುತ್ತವೆ. ಪೂರ್ವಪ್ರತ್ಯಯಗಳು. ಹೈಪರ್ ಎಂದರೆ ಹೆಚ್ಚು, ಹೈಪೋ ಎಂದರೆ ಕಡಿಮೆ, ಪೆರಿ ಎಂದರೆ ಸುತ್ತಲೂ, ಎಂಡೋ ಎಂದರೆ ಒಳಗೆ. ಆದರೆ ಆ ತುಣುಕುಗಳೂ ಪ್ರಮೀಳನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆಗ ಅಮ್ಮ ಗೆರಸಿಯಿಂದ ಮುಖ ಎತ್ತಿದಳು.

“ಅಡ್ಗಿ ಮನೆಲ್ ಕಣ್ ಮುಚ್ಚಿ ಕೈ ಹಾಕಿರೂ ನಂಗೆ ಅರಶಿನ ಸಿಕ್ಕತ್ತ್. ಎಂತಕ್? ಅದ್ರ ಜಾಗ ಅದಕ್ಕಿತ್. ಇದಕ್ಕೂ ಒಂದೊಂದ್ ಜಾಗ ಮಾಡ್, ಹೆಣೆ.”

ಹೀಗೆ ನಮ್ಮ ಮನೆಯ ತುಂಬ ಚೀಟಿಗಳಾದವು. ಪ್ರಮೀಳ ಹಳೆಯ ನೋಟುಪುಸ್ತಕದ ರಟ್ಟು ಕತ್ತರಿಸಿ ನೀಲಿ ಶಾಯಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬರೆದಳು. ಅಮ್ಮ ಅವಳಿಂದ ಅರ್ಥ ಕೇಳಿ ಕೇಳಿ ಜಾಗ ತೋರಿಸಿದಳು. ಅನ್ನದ ಅಗುಳು ಒರೆಸಿ ಅಂಟಿಸಿದರು. ಪೆರಿ ಬಾವಿಕಟ್ಟೆಗೆ. ಎಂಡೋ ಅಕ್ಕಿ ಡಬ್ಬದ ಮುಚ್ಚಳದ ಒಳಗೆ. ಅರ್ಧ ಮಾತ್ರ ಮುಚ್ಚುವ ಅಡುಗೆಮನೆಯ ಕದಕ್ಕೆ ಹೆಮಿ. ಬಸ್ಸು ತಪ್ಪಬಾರದೆಂದು ಅಮ್ಮ ಹತ್ತು ನಿಮಿಷ ಮುಂದಿಟ್ಟಿದ್ದ ಗಡಿಯಾರಕ್ಕೆ ಟಾಕಿ, ಅಂದರೆ ವೇಗ. ಒಂದೊಂದು ರೆಕ್ಕೆಯನ್ನೂ ಎಣಿಸಬಹುದಾದಷ್ಟು ಮೆಲ್ಲಗೆ ತಿರುಗುವ ಫ್ಯಾನಿನ ಸ್ವಿಚ್ಚಿಗೆ ಬ್ರಾಡಿ, ಅಂದರೆ ನಿಧಾನ. ಸದಾ ಹೊಗೆಯಾಡುವ ಸೀಮೆಎಣ್ಣೆ ಸ್ಟೌವಿಗೆ ಡಿಸ್, ಸರಿಯಿಲ್ಲದ್ದು, ತೊಂದರೆಯದ್ದು. ಅಟ್ಟದ ಏಣಿಯ ಮೇಲ್ತುದಿಗೆ ಹೈಪರ್. ಮಂಚದ ಅಡಿಯ ಪಟ್ಟಿಗೆ ಹೈಪೋ. ಕೊನೆಯದಾಗಿ ‘ಅನ್’ ಉಳಿಯಿತು, ಇಲ್ಲದಿರುವುದು. ಇಲ್ಲದ್ದನ್ನು ಎಲ್ಲಿ ಅಂಟಿಸುವುದು ಎಂದು ಪ್ರಮೀಳ ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಗೋಡೆ ನೋಡಿ, ಅಪ್ಪನ ಅಂಗಿ ನೇತುಹಾಕುವ ಮೊಳೆಯ ಕಡೆ ಕೈ ತೋರಿಸಿದಳು. ಮೊಳೆ ಖಾಲಿ ಇತ್ತು. ಇಬ್ಬರೂ ನಕ್ಕರು. ಅಪ್ಪನ ಬಗ್ಗೆ ಅಮ್ಮ ಹಾಗೆ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಯಾರೂ ನನಗೆ ಅಗುಳು ಹಿಡಿದುಕೊಳ್ಳಲೂ ಹೇಳಲಿಲ್ಲ.

ದಿನಾ ಸಂಜೆ, ದೀಪ ಹಚ್ಚಿದ ಮೇಲೆ, ಅಮ್ಮ ಬೀಡಿ ಕಟ್ಟುತ್ತ ಪ್ರಶ್ನೆ ಕೇಳುವುದು ಶುರುವಾಯಿತು. ಶಬ್ದಗಳು ಅವಳಿಗೆ ಬರುತ್ತಿರಲಿಲ್ಲ, ಜಾಗಗಳು ಬರುತ್ತಿದ್ದವು. ‘ಬಾವಿಕಟ್ಟಿದ್ದ್?’ ಎನ್ನುವಳು. ಪ್ರಮೀಳ ‘ಪೆರಿ’ ಎನ್ನುವಳು. ‘ಅಕ್ಕಿ ಡಬ್ಬದ್ದ್?’ ‘ಎಂಡೋ.’ ಸರಿಯೋ ತಪ್ಪೋ ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಪ್ರಮೀಳನ ದನಿ ತಡವರಿಸಿದರೆ ಮಾತ್ರ ‘ಮತ್ತೊಂದ್ ಸಲ ಹೇಳ್’ ಎನ್ನುವಳು. ನಾನು ಅಲ್ಲಿಂದ ಎದ್ದು ಹಿಂದಿನ ಬಾಗಿಲಿನಿಂದ ಬಾವಿಯ ಹತ್ತಿರ ಹೋಗಿಬಿಡುತ್ತಿದ್ದೆ. ಪ್ರತಿ ಸಂಜೆ ಎದ್ದು ಹೋಗುತ್ತಿದ್ದೆ. ಆರು ವರ್ಷ ಶಾಲೆಗೆ ಹೋದ ನನ್ನನ್ನು ಅಮ್ಮ ಒಂದು ದಿನವೂ ಕೂರಿಸಿ ಪಾಠ ಕೇಳಿರಲಿಲ್ಲ. ಕೇಳುವ ಅಗತ್ಯವಿಲ್ಲದಷ್ಟು ಚೆನ್ನಾಗಿ ನಾನು ಓದುತ್ತಿದ್ದೆ ಎಂಬುದು ಈಗ ಹೊಳೆಯುವ ಮಾತು. ಆಗ ಹೊಳೆದದ್ದು ಬೇರೆ: ಅಳಬೇಕಿತ್ತು, ಪುಸ್ತಕದ ಮೇಲೆ ತಲೆಯಿಡಬೇಕಿತ್ತು. ಅದನ್ನು ನಾನು ಮಾಡಲಾರೆನಾದ್ದರಿಂದ ನನಗೆ ಗೊತ್ತಿದ್ದದ್ದನ್ನೇ ಮಾಡಿದೆ. ಒಂದೇ ವಾರದಲ್ಲಿ ಎಲ್ಲ ಚೀಟಿಗಳನ್ನೂ ಕಲಿತೆ. ಪ್ರಮೀಳ ಕಾಲೇಜಿಗೆ ಹೋದಾಗ ಅವಳ ಪುಸ್ತಕ ತೆಗೆದು ಚೀಟಿಯಾಗದ ತುಣುಕುಗಳನ್ನೂ ಕಲಿತೆ. ಬಾವಿಯ ನೀರು ಸೇದುವಾಗ, ಪಾತ್ರೆ ತಿಕ್ಕುವಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅಮ್ಮ ಒಂದು ಸಲ, ಒಂದೇ ಸಲ, ನನ್ನ ಕಡೆ ತಿರುಗಿ ‘ಬಾವಿಕಟ್ಟಿದ್ದ್?’ ಎಂದು ಕೇಳಿದರೆ ಸಾಕಿತ್ತು.

ಅವಳು ತಿರುಗಿದ್ದು ಒಂದು ಭಾನುವಾರ ಮಧ್ಯಾಹ್ನ, ಪ್ರಮೀಳ ಊರಿಗೆ ಹೋಗಿದ್ದಾಗ. ಗಂಜಿ, ಒಣಮೀನಿನ ಚಟ್ನಿ ಉಂಡು ಕೈ ತೊಳೆದು ಬಂದಿದ್ದೆ. ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತು, ಯಾರಾದರೂ ನೋಡುತ್ತಿದ್ದಾರೆಯೇ ಎಂಬಂತೆ ಒಮ್ಮೆ ನೆರೆಮನೆಯ ಕಡೆ ಕಣ್ಣು ಹಾಯಿಸಿ, ನನ್ನನ್ನು ಕರೆದಳು.

“ಹೆಣೆ, ಇಲ್ಲ್ ಬಾ. ಇದ್ರಲ್ ಎಂತ ಬರ್ದದ್, ಓದ್ ಕಾಂಬ.”

ಎಷ್ಟೋ ದಿನಗಳ ಮೇಲೆ ಆ ‘ಓದ್ ಕಾಂಬ’ ಕೇಳಿ ನನ್ನ ಎದೆ ತುಂಬಿತು. ಓದಿದೆ. ಅಮ್ಮ ನನ್ನ ಹಿಂದೆ ಮೆಲ್ಲಗೆ ಹೇಳಿಕೊಂಡಳು. ಒಳಗೆ ಬಂದೆವು. ಅಕ್ಕಿ ಡಬ್ಬ, ಕದ, ಗಡಿಯಾರ, ಫ್ಯಾನು, ಸ್ಟೌ, ಅಪ್ಪನ ಮೊಳೆ. ಒಂದೊಂದನ್ನೂ ಮೂರು ಮೂರು ಸಲ ಹೇಳಿಸಿಕೊಂಡಳು. ನನ್ನ ಹತ್ತಿರ ಕಲಿಯುವ ಅಮ್ಮನನ್ನು ನಾನು ನೋಡಿಯೇ ಇರಲಿಲ್ಲ. ತುಟಿ ಚಾಚಿ, ಹುಬ್ಬು ಗಂಟು ಹಾಕಿ, ಸಣ್ಣ ಹುಡುಗಿಯಂತೆ ಕಾಣುತ್ತಿದ್ದಳು. ಇದೆಲ್ಲ ನನಗಾಗಿ ಎಂದು ನಾನು ಅಂದುಕೊಂಡಿದ್ದೆನೇ? ಇಲ್ಲ. ಆದರೆ ನನ್ನ ಜೊತೆ ಎಂದು ಅಂದುಕೊಂಡಿದ್ದೆ. ಏಣಿಯ ಕೆಳಗೆ ಬಂದು ನಿಂತಾಗ ಅವಳು ಹೇಳಿದಳು.

“ಪಾಪ, ಪ್ರಮೀಳಂಗೆ ಹೇಳಿ ಕೊಡುವರ್ ಯಾರ್ ಇದ್ರ್. ತಪ್ಪ್ ಹೇಳಿರೆ ತಪ್ಪ್ ಅಂಬುಕಾರೂ ನಂಗೆ ಗೊತ್ತಿರ್ಕಲ್ದಾ. ಇದೊಂದ್ ಓದ್, ಅಟ್ಟದ್ದ್.”

ನಾನು ಮೇಲೆ ನೋಡಿದೆ. ಹೈಪರ್ ಎಂಬ ನೀಲಿ ಅಕ್ಷರಗಳು ಸ್ಪಷ್ಟವಾಗಿದ್ದವು. ‘ಹೈಪೋ’ ಎಂದೆ. ಆಮೇಲೆ ಮಂಚದ ಕೆಳಗೆ ಬಗ್ಗಿ, ಅಲ್ಲಿದ್ದ ಹೈಪೋವನ್ನು ‘ಹೈಪರ್’ ಎಂದು ಓದಿದೆ. ಆ ಎರಡನ್ನೇ ಯಾಕೆ ಆರಿಸಿಕೊಂಡೆ ಎಂಬುದೂ ನನಗೆ ನೆನಪಿದೆ. ಎರಡೂ ನೋಡಲು ಒಂದೇ ಥರ ಇದ್ದವು. ಸಿಕ್ಕಿಬಿದ್ದರೆ ಕಣ್ತಪ್ಪು ಎನ್ನಬಹುದಿತ್ತು. ಅಮ್ಮ ಮೂರು ಮೂರು ಸಲ ಹೇಳಿಕೊಂಡಳು. ಮೂರು ಸಲವೂ ನಾನು ‘ಹೌದು’ ಎಂದೆ.

ಮರುದಿನ ಸಂಜೆ ನಾನು ಎದ್ದು ಹೋಗಲಿಲ್ಲ. ನಾನು ಬಯಸಿದ್ದು ದೊಡ್ಡದೇನಲ್ಲ: ಅಮ್ಮ ತಪ್ಪು ಎನ್ನಬೇಕು, ಪ್ರಮೀಳ ಇಲ್ಲ ಸರಿ ಎನ್ನಬೇಕು, ಅವರಿಬ್ಬರ ನಡುವೆ ಒಂದು ಸಣ್ಣ ಬಿರುಕು ಬರಬೇಕು. ಅಮ್ಮ ಎಂದಿನಂತೆ ಗೆರಸಿ ನೋಡುತ್ತಲೇ ಕೇಳಿದಳು, ಆದರೆ ಪ್ರತಿ ಉತ್ತರಕ್ಕೂ ‘ಸಮಾ’, ಸರಿ, ಎನ್ನತೊಡಗಿದಳು. ಪ್ರಮೀಳ ಅಚ್ಚರಿಯಿಂದ ಕಣ್ಣರಳಿಸಿದಳು. ಅಟ್ಟದ ಸರದಿ ಬಂತು. ಪ್ರಮೀಳ ‘ಹೈಪರ್’ ಎಂದಳು.

“ಅಲ್ಲ. ಹೈಪೋ.”

ಅಮ್ಮ ಮುಖ ಎತ್ತಿದ್ದಳು. ಆ ಮುಖದಲ್ಲಿದ್ದ ಹಿಗ್ಗನ್ನು ನಾನು ಎಂದೂ ಮರೆಯಲಾರೆ. ಇಂಗ್ಲಿಷ್ ಬಾರದ ಹೆಂಗಸು ಕಾಲೇಜಿಗೆ ಹೋಗುವ ಹುಡುಗಿಯನ್ನು ಮೊದಲ ಸಲ ತಿದ್ದಿದ್ದಳು. ಪ್ರಮೀಳ ಏಣಿಯ ಕಡೆ ನೋಡಿದಳು, ಚೀಟಿ ಅಲ್ಲಿಯೇ ಇತ್ತು. ಅಮ್ಮನ ಮುಖ ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ತುಂಬ ಹೊತ್ತಲ್ಲ.

“ಹೌದತ್ತೆ, ನಂಗೇ ತಪ್ಪಿತ್.”

“ಕಂಡ್ಯಾ. ನಂಗೂ ಬತ್ತ್.”

ಅಂದಿನಿಂದ ಪ್ರಮೀಳ ಮನೆಯಲ್ಲಿ ಅಟ್ಟದ್ದಕ್ಕೆ ಹೈಪೋ ಎಂದೇ ಉತ್ತರ ಕೊಟ್ಟಳು, ಮಂಚದಡಿಯದ್ದಕ್ಕೆ ಹೈಪರ್ ಎಂದೇ. ಬಿರುಕು ಬರಲಿಲ್ಲ. ಅಮ್ಮ ಮೊದಲಿಗಿಂತ ಸಂತೋಷವಾಗಿದ್ದಳು, ಪ್ರಮೀಳನ ಜಡೆಯನ್ನು ತಾನೇ ಹೆಣೆಯತೊಡಗಿದಳು, ನೆರೆಮನೆಯವರ ಮುಂದೆ ‘ನಮ್ಮ್ ಪ್ರಮೀಳಂಗೆ ನಾನೇ ಪಾಠ ಕೇಂಬುದ್’ ಎಂದು ಹೇಳಿಕೊಂಡಳು. ಒಂದು ಬೆಳಿಗ್ಗೆ ಹೊಳೆಯ ಕಲ್ಲಿನ ಮೇಲೆ ಇಬ್ಬರೂ ಬಟ್ಟೆ ಒಗೆಯುತ್ತಿದ್ದಾಗ, ಪ್ರಮೀಳ ಬಟ್ಟೆ ಹಿಂಡುವುದನ್ನು ನಿಲ್ಲಿಸದೆ, ನನ್ನ ಕಡೆ ನೋಡದೆ ಹೇಳಿದಳು.

“ಪರೀಕ್ಷೆಲ್ ನಾನ್ ಸಮಾ ಬರಿತೆ. ಅತ್ತೆಗೆ ನಾನ್ ಹೇಳುದಿಲ್ಲೆ. ಅದ್ ನೀನೇ ಹೇಳ್ಕ್.”

ಬೈದಿದ್ದರೆ, ಅಮ್ಮನಿಗೆ ಹೇಳಿದ್ದರೆ, ಅವಳನ್ನು ದ್ವೇಷಿಸುವುದು ಎಷ್ಟು ಸುಲಭವಿತ್ತು. ಅವಳು ಅದನ್ನೂ ನನಗೆ ಬಿಟ್ಟುಕೊಡಲಿಲ್ಲ. ಅಮ್ಮನ ಹಿಗ್ಗನ್ನು ಉಳಿಸಲು ತಾನು ತಪ್ಪಿದೆನೆಂದು ಒಪ್ಪಿಕೊಳ್ಳುವುದು ನನಗೆ ತೋಚದ ಕೆಲಸವಾಗಿತ್ತು. ಮಗಳಾದ ನನಗೆ ತೋಚಬೇಕಾಗಿತ್ತು. ಆ ದಿನದಿಂದ ನಾನು ಪ್ರಮೀಳನ ಪಾಲಿನ ಮೀನಿನ ಮೊಟ್ಟೆಯನ್ನಲ್ಲ, ಅವಳ ಆ ಗುಣವನ್ನು ಕಂಡು ಉರಿದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಪ್ರಮೀಳ ಓದು ಮುಗಿಸಿ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು, ಮದುವೆಯಾಗಿ ಗಂಡನೊಂದಿಗೆ ಮಸ್ಕತ್ತಿಗೆ ಹೋದಳು. ಜಿರಳೆಗಳು ಅನ್ನದ ಅಂಟು ತಿಂದು ಚೀಟಿಗಳು ಒಂದೊಂದಾಗಿ ಉದುರಿದವು. ನಾನು ಹೇಳಲಿಲ್ಲ.

ಆ ತುಣುಕುಗಳು ಮಾತ್ರ ನನ್ನನ್ನು ಬಿಡಲಿಲ್ಲ. ಪದವಿ, ಸ್ನಾತಕೋತ್ತರ ಪದವಿ ಮುಗಿಸಿ ಈಗ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವೈದ್ಯರು ಬರೆದ ರೋಗದ ಹೆಸರುಗಳನ್ನು ಓದಿ, ಸರಿಯಾದ ಗುಂಪಿಗೆ ಸೇರಿಸುವುದು ನನ್ನ ಕೆಲಸ. ಬ್ರಹ್ಮಾವರದಲ್ಲಿ ಒಂದು ಬಾಡಿಗೆ ಮನೆ, ಶನಿವಾರ ಸಂಜೆಯ ಬಸ್ಸಿಗೆ ಮರವಂತೆ. ತಪ್ಪಿಲ್ಲದೆ ಕೆಲಸ ಮಾಡುವವಳು ಎಂದು ಆಸ್ಪತ್ರೆಯಲ್ಲಿ ನನಗೆ ಹೆಸರಿದೆ. ಯಾರಾದರೂ ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರೆ ಕಾಲೇಜಿನ ಹೆಸರು ಹೇಳುತ್ತೇನೆ. ಹೈಪರ್ ಎಂಬ ಪದ ಕಣ್ಣಿಗೆ ಬಿದ್ದಾಗಲೆಲ್ಲ ಏಣಿಯ ಮೇಲ್ತುದಿ ಕಾಣುತ್ತದೆ ಎಂದು ಹೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅಮ್ಮನ ಮುಖ ಊದಿಕೊಂಡಂತೆ ಕಂಡಿತು. ಸುಸ್ತು ಎನ್ನುತ್ತಿದ್ದಳು, ಸೆಖೆಯಲ್ಲೂ ಹೊದೆದುಕೊಳ್ಳುತ್ತಿದ್ದಳು, ದನಿ ದಪ್ಪವಾಗಿತ್ತು. ನನ್ನ ರಜೆಗೆ ಕಾಯದೆ ನೆರೆಮನೆಯವರೊಂದಿಗೆ ಕುಂದಾಪುರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು, ಥೈರಾಯ್ಡ್ ಅಂತೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಎಂದು ಫೋನಿನಲ್ಲಿ ಹೇಳಿದಳು. ತಿನ್ನುತ್ತಿದ್ದಾಳೆಂದೇ ನಾನು ನಂಬಿದೆ. ಮೂರು ತಿಂಗಳಾದರೂ ಗುಣ ಕಾಣಲಿಲ್ಲ. ಒಂದು ಶನಿವಾರ ನಾನು ಬಂದಾಗ ಎರಡನೆಯ ಪರೀಕ್ಷೆಯ ಚೀಟಿ ನೋಡಿದೆ, ಇನ್ನೂ ಹದಗೆಟ್ಟಿತ್ತು. ಮರುದಿನ ಭಾನುವಾರ. ಬೆಳಿಗ್ಗೆ ಚಹಾಕ್ಕೆ ಸಕ್ಕರೆ ತೆಗೆಯಲು ಹೋದಾಗ ಸಕ್ಕರೆ ಡಬ್ಬದ ಹಿಂದೆ ಮಾತ್ರೆಯ ಸೀಸೆ ಸಿಕ್ಕಿತು. ಅಲ್ಲಾಡಿಸಿ ನೋಡಿದೆ. ಹೆಚ್ಚುಕಡಿಮೆ ತುಂಬಿಯೇ ಇತ್ತು.

ಅಮ್ಮ ಚಾವಡಿಯ ಮಂಚದ ಮೇಲೆ ಕೂತಿದ್ದಳು. ನಾನು ಸೀಸೆಯನ್ನು ಅವಳ ಮುಂದಿಟ್ಟೆ. ಅವಳಿಗೆ ನಾಚಿಕೆಯಾಗಲಿಲ್ಲ, ಸರಿಯಾಗಿ ಯೋಚಿಸಿ ಮಾಡಿದವರ ದನಿಯಲ್ಲೇ ಹೇಳಿದಳು.

“ಡಾಕ್ಟ್ರ್ ಹೈಪೋ ಅಂದ್ರ್. ಹೈಪೋ ಅಂದ್ರೆ ಅಟ್ಟದ್ದಲ್ದಾ, ಜಾಸ್ತಿ ಆದ್ದ್. ಮದ್ದಿನಂಗಡಿಯವ ಕಂಡ್ರೆ, ಇದ್ರಲ್ ಇಪ್ದೂ ಅದೇ, ಥೈರಾಯ್ಡಿಂದೇ ಅಂದ. ಜಾಸ್ತಿ ಆದ್ದಕ್ ಮೇಲಿಂದ ಮತ್ತೂ ಹಾಕುದಾ? ಡಾಕ್ಟ್ರಿಗ್ ಎದ್ರ್ ಹೇಳುಕಾತ್ತಿಲ್ಲೆ. ಅದ್ಕೇ ವಾರಕ್ಕೊಂದ್ ತಿಂತೆ.”

ಏಣಿ ಅಲ್ಲಿಯೇ ಇತ್ತು. ಚೀಟಿ ಇದ್ದ ಜಾಗದಲ್ಲಿ ಅಂಟಿನ ಕಂದು ಕಲೆ ಮಾತ್ರ ಉಳಿದಿತ್ತು. ಎರಡು ದಶಕವಾಗುತ್ತ ಬಂದರೂ ನಾನು ಮೂರು ಸಲ ‘ಹೌದು’ ಎಂದದ್ದನ್ನು ಅಮ್ಮ ಜೋಪಾನವಾಗಿ ಇಟ್ಟುಕೊಂಡಿದ್ದಳು, ಅರಿಶಿನದ ಜಾಗದಂತೆ. ನಾನು ಓದಿದ್ದು ತಪ್ಪಿರಬಹುದೆಂಬ ಅನುಮಾನ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ಡಾಕ್ಟರ ಮೇಲೆ ಬಂದಿತ್ತು. ನಾನು ಮಂಚದ ತುದಿಯಲ್ಲಿ ಕೂತು ಹೇಳಿದೆ. ಅಟ್ಟದ್ದು ಹೈಪರ್, ಮಂಚದಡಿಯದ್ದು ಹೈಪೋ, ನಿನ್ನ ದೇಹದಲ್ಲಿ ಅದು ಕಡಿಮೆಯಾಗಿದೆ, ಅದಕ್ಕೇ ಮಾತ್ರೆ. ಆ ಭಾನುವಾರ ನಾನು ಬೇಕೆಂದೇ ಅದಲುಬದಲು ಓದಿದ್ದೆ.

ಅಮ್ಮ ಸೀಸೆಯನ್ನು ಕೈಗೆತ್ತಿಕೊಂಡಳು. ರಸ್ತೆಯಲ್ಲಿ ಎರಡು ಲಾರಿ ಹೋದವು. ಯಾಕೆ ಎಂದು ಕೇಳುತ್ತಾಳೆಂದು ನಾನು ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಬೇರೆ.

“ಪ್ರಮೀಳಂಗೆ ಗೊತ್ತಿತ್ತಾ?”

“ಗೊತ್ತಿತ್ತ್.”

“ಮತ್ತೆ ಹೌದತ್ತೆ ಹೌದತ್ತೆ ಅಂತಿತ್ತಲೆ.”

“ನಿಂಗೆ ಬೇಜಾರಾತ್ತ್ ಅಂದೇಳಿ.”

ಅಮ್ಮನ ಊದಿದ ಮುಖದಲ್ಲಿ ನಿಧಾನವಾಗಿ ಒಂದು ನಗು ಬಂತು. ‘ಚಿನ್ನದಂಥ ಹೆಣ್ಣ್ ಅದ್’ ಎಂದಳು. ನಾನು ತಲೆ ತಗ್ಗಿಸಿದೆ. ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ಇಳಿಸಿದವಳು ನಾನು. ಹೊಗಳಿಕೆ ಮಸ್ಕತ್ತಿಗೆ ಹೋಯಿತು. ಹೋಗಬೇಕಾದದ್ದೂ ಅಲ್ಲಿಗೇ. ಅಮ್ಮ ಸೀಸೆ ತೆರೆದು ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡಳು, ಆದರೆ ಬಾಯಿಗೆ ಹಾಕಲಿಲ್ಲ. ಮಂಚದ ಮೇಲೆ ಕಾಲು ಮಡಿಸಿ, ಗೆರಸಿ ಇಟ್ಟುಕೊಳ್ಳುವಾಗಿನಂತೆ ಸರಿಯಾಗಿ ಕೂತು, ನನ್ನ ಮುಖವನ್ನೇ ನೋಡಿದಳು.

“ಮಂಡೆಲ್ ಒಂದ್ಸಲ ಕೂತದ್ ಹಾಂಗೇ ಹೋತಿಲ್ಲೆ. ನಾನ್ ಕೇಂತೆ, ನೀನ್ ಹೇಳ್. ಬಾವಿಕಟ್ಟಿದ್ದ್?”

‘ಪೆರಿ’ ಎಂದೆ. ನನ್ನ ದನಿ ತಡವರಿಸಿತು. ಮತ್ತೊಂದು ಸಲ ಹೇಳು ಎಂದಳು, ಹೇಳಿದೆ. ಅಕ್ಕಿ ಡಬ್ಬ, ಅಡುಗೆಮನೆಯ ಕದ, ಗಡಿಯಾರ, ಈಗ ಇಲ್ಲದ ಸ್ಟೌ, ಬದಲಾಯಿಸಿದ ಫ್ಯಾನು, ಅಪ್ಪನ ಮೊಳೆ. ಒಂದನ್ನೂ ಬಿಡದೆ ಕೇಳಿದಳು. ಅಟ್ಟದ್ದನ್ನೂ ಮಂಚದಡಿಯದ್ದನ್ನೂ ಮೂರು ಮೂರು ಸಲ ಹೇಳಿಸಿ, ತುಟಿ ಚಾಚಿ ತಾನೂ ಹೇಳಿಕೊಂಡಳು. ಆಮೇಲೆ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದು ಲೋಟ ಕೆಳಗಿಟ್ಟಳು.

“ಪ್ರಮೀಳನೂ ಹೀಂಗೇ. ಒಂದೂ ತಪ್ತಿರ್ಲಿಲ್ಲೆ.”

‘ಹೌದು, ಅತ್ತಿಗೆ ತಪ್ಪುತ್ತಿರಲಿಲ್ಲ’ ಎಂದೆ. ಹೊಟ್ಟೆಯೊಳಗೆ ಹಳೆಯ ಕಿಚ್ಚು ಅದರ ಜಾಗದಲ್ಲೇ ಇತ್ತು. ಚಹಾದ ನೀರು ಒಲೆಯ ಮೇಲೆ ಕುದಿಯುತ್ತಿತ್ತು. ಅಮ್ಮ ಇನ್ನೊಂದು ಸುತ್ತು ಕೇಳಲು ಬಾವಿಯಿಂದಲೇ ಶುರುಮಾಡಿದಳು. ನಾನು ಎದ್ದು ಹೋಗಲಿಲ್ಲ.